ಕಾರೇ ಬರದ ದಾರಿ ಎಲ್ಲಿದೆ ಅಂತ ಕೇಳುವವರಿಗೆ

ನಾನು ಫ್ರಾನ್ಸಿನ ನಾಂತ್ ಊರಿಗೆ ಬಂದು ಆರು ವರ್ಷ ಆಯ್ತು. ಬೇಸಿಗೆ ಹತ್ತಿರ ಬಂತು ಅಂದರೆ ವಾಟ್ಸಾಪಿನಲ್ಲಿ ಒಂದೇ ಪ್ರಶ್ನೆ. ಬೆಂಗಳೂರಿನ ಸೈಕಲ್ ಗೆಳೆಯರು ಕೇಳುತ್ತಾರೆ, ಪ್ಯಾರಿಸ್ಸಿನಲ್ಲಿ ಓದುವ ಹುಡುಗರು ಕೇಳುತ್ತಾರೆ, ಒಂದು ಸಲ ನಮ್ಮ ಭಾವನ ಆಫೀಸಿನವರು ಯಾರೋ ಕೇಳಿದರು: "ಗ್ರಾವೆಲ್ ಸೈಕಲ್ ಇದೆ, ಒಂದು ವಾರ ರಜೆ ಇದೆ, ಫ್ರಾನ್ಸಿನ ಹಳ್ಳಿ ಕಡೆ ಕಾರಿನ ಕಾಟ ಇಲ್ಲದ ಜಲ್ಲಿ ದಾರಿ ಯಾವುದು? ಮ್ಯಾಪ್ ಕಳಿಸಿ."

ಗ್ರಾವೆಲ್ ಸೈಕಲ್ ಅಂದರೆ ಟಾರಿಲ್ಲದ ಜಲ್ಲಿ ದಾರಿಗೆ ಅಂತ ಮಾಡಿದ ದಪ್ಪ ಟೈರಿನ ಸೈಕಲ್. ಮ್ಯಾಪ್ ಕಳಿಸೋದು ಎರಡು ನಿಮಿಷದ ಕೆಲಸ. ಆದರೆ ನಾನು ಮೊದಲು ಹೇಳೋದು ಬೇರೆ. ಸೈಕಲ್ ದಾರಿ ಅಂತ ಹುಡುಕಬೇಡಿ. ಕೆಲಸ ಕಳೆದುಕೊಂಡ ದಾರಿ ಹುಡುಕಿ.

ಅಂದರೆ ಮುಚ್ಚಿಹೋದ ರೈಲು ಹಳಿ, ಸರಕು ದೋಣಿ ನಿಂತುಹೋದ ಕಾಲುವೆ. ಈ ದೇಶದಲ್ಲಿ ಎರಡೂ ಬೇಕಾದಷ್ಟಿವೆ. ರೈಲಿಗೆ ಕಡಿದಾದ ಏರು ಆಗಲ್ಲ, ದೋಣಿಗಂತೂ ಏರು ಅನ್ನೋದೇ ಗೊತ್ತಿಲ್ಲ. ಹಾಗಾಗಿ ನೂರಿನ್ನೂರು ವರ್ಷದ ಹಿಂದೆ ಎಂಜಿನಿಯರುಗಳು ಗುಡ್ಡ ಕಡಿದು, ಹಳ್ಳ ತುಂಬಿ, ಸೇತುವೆ ಕಟ್ಟಿ ನೆಲವನ್ನು ಸಮ ಮಾಡಿಟ್ಟು ಹೋಗಿದ್ದಾರೆ, ಅದರ ಲಾಭ ಈಗ ನಮ್ಮ ಮೊಣಕಾಲಿಗೆ.

ಮೋಟಾರು ಗಾಡಿಗೆ ಪ್ರವೇಶ ಇಲ್ಲದ ಇಂಥ ದಾರಿಗೆ ಇಲ್ಲಿ ವ್ವಾ ವೆರ್ತ್ ಅನ್ನುತ್ತಾರೆ, ಹಸಿರು ದಾರಿ ಅಂತ. 2004ರಿಂದ ರಸ್ತೆ ಕಾನೂನಿನಲ್ಲೇ ಇದೆ: ನಡೆಯುವವರು, ಸೈಕಲ್ಲು, ಕುದುರೆ, ಅಷ್ಟೇ. ಆದರೆ ಹೆಸರು ನೋಡಿ ಮೋಸ ಹೋಗಬೇಡಿ. ಬರ್ಗಂಡಿಯಲ್ಲಿ ಜಿವ್ರಿಯಿಂದ ಕ್ಲೂನಿಗೆ ಹೋಗುವ ದಾರಿ 1997ರಲ್ಲಿ ತೆರೆದದ್ದು, ದೇಶದ ಮೊದಲ ವ್ವಾ ವೆರ್ತ್ ಅದೇ. ಚೆನ್ನಾಗಿದೆ, ಆದರೆ ಪೂರ್ತಿ ಟಾರು. ಮಕ್ಕಳು ಸ್ಕೇಟ್ ಕಟ್ಟಿಕೊಂಡು ಬರುವ ಜಾಗ. ಗ್ರಾವೆಲ್ ಬೇಕು ಅಂತ ದಪ್ಪ ಟೈರು ಹೊತ್ತು ತಂದವರಿಗೆ ಅಲ್ಲಿ ಸಪ್ಪೆ ಅನ್ನಿಸುತ್ತೆ.

ಹಾಗಾದರೆ ಎಲ್ಲಿ? ನನ್ನ ಉತ್ತರ ಯಾವಾಗಲೂ ಒಂದೇ: ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿ ಪ್ರಾಂತ್ಯ. ನಾಂತ್‌ನಿಂದ ಬ್ರೆಸ್ಟ್‌ಗೆ ಹೋಗುವ ಕಾಲುವೆ.

ಇದು 364 ಕಿಲೋಮೀಟರ್ ಉದ್ದ. ಇಂಗ್ಲಿಷರ ಹಡಗುಗಳು ಕರಾವಳಿಯನ್ನು ಅಡ್ಡಗಟ್ಟಿ ನಿಂತಿದ್ದಾಗ, ಸಮುದ್ರಕ್ಕೇ ಇಳಿಯದೆ ಬ್ರೆಸ್ಟ್ ಬಂದರಿಗೆ ಸಾಮಾನು ಮುಟ್ಟಿಸಬೇಕು ಅಂತ ನೆಪೋಲಿಯನ್ ಕಾಲದಲ್ಲಿ ಅಗೆಯಲು ಶುರು ಮಾಡಿದರು. ಮುಗಿದಾಗ 1842. ಅಷ್ಟೊತ್ತಿಗೆ ಯುದ್ಧವೂ ಇಲ್ಲ, ನೆಪೋಲಿಯನ್ನೂ ಇಲ್ಲ. ಗ್ಲೊಮೆಲ್ ಹತ್ತಿರ ಗುಡ್ಡ ಸೀಳಿ ತೆಗೆದ ದೊಡ್ಡ ಕಂದಕ ಇದೆ, ಅದನ್ನು ತೋಡಿದವರು ಬ್ರೆಸ್ಟ್ ಜೈಲಿನಿಂದ ತಂದ ಕೈದಿಗಳು. 1823ರಿಂದ 1832ರವರೆಗೆ, ಒಂಬತ್ತು ವರ್ಷ, ಸನಿಕೆ ಪಿಕಾಸಿಯಲ್ಲಿ. ಈಗ ಅಲ್ಲಿ ಸೈಕಲ್ ನಿಲ್ಲಿಸಿದರೆ ಎರಡೂ ಕಡೆ ಮರ, ಕೆಳಗೆ ಕಪ್ಪು ನೀರು, ಹಕ್ಕಿ ಸದ್ದು ಬಿಟ್ಟರೆ ಏನಿಲ್ಲ.

ಕಾಲುವೆ ಪಕ್ಕದ ದಾರಿ ಎಂಜಿನ್ ಇಲ್ಲದ ಕಾಲದಲ್ಲಿ ಕುದುರೆಯೋ ಮನುಷ್ಯರೋ ಹಗ್ಗ ಕಟ್ಟಿ ದೋಣಿ ಎಳೆಯುತ್ತಿದ್ದ ದಾರಿ. ಅದಕ್ಕೇ ಅದು ನೀರಿಗೆ ಅಂಟಿಕೊಂಡೇ ಇದೆ. ಮೇಲೆ ಸಣ್ಣ ಜಲ್ಲಿ, ಮರಳು ಹಾಕಿ ರೋಲರ್ ಹೊಡೆದಿದ್ದಾರೆ. 40 ಮಿ.ಮೀ. ಟೈರಿದ್ದರೆ ಸೋಫಾ ಮೇಲೆ ಕೂತ ಹಾಗೆ.

ಆದರೆ ನಾಂತ್‌ನಿಂದಲೇ ಶುರು ಮಾಡಬೇಡಿ. ಮೊದಲಿಗೆ ಕಾಲುವೆ ಎರ್ದ್ರ್ ಅನ್ನೋ ನದಿಯೊಳಗೇ ಹೋಗುತ್ತೆ, ದಂಡೆ ಉದ್ದಕ್ಕೂ ದಾರಿ ಇಲ್ಲ, ಊರ ರಸ್ತೆಗಳಲ್ಲಿ ಕಾರುಗಳ ಜೊತೆಗೇ ಸುತ್ತಬೇಕು. ರೈಲು ಹತ್ತಿ ರೆದೋಂಗೆ ಬನ್ನಿ. ಅಲ್ಲಿಂದ ಮಾಲೆತ್ರ್ವಾ ಮೇಲೆ ಜೋಸ್ಲಾಂ ಊರಿಗೆ ಒಂದು ದಿನದ ಆರಾಮದ ದಾರಿ. ಸಂಜೆ ಹೊತ್ತು ತಿರುವಿನಲ್ಲಿ ಜೋಸ್ಲಾಂ ಕೋಟೆಯ ಮೂರು ಗೋಪುರ ನೀರಿನ ಮೇಲೆ ಎದ್ದು ಕಾಣುತ್ತವೆ. ಅಲ್ಲೇ ಉಳಿಯಿರಿ.

ಮಾರನೇ ದಿನ ರೋಆಂ ದಾಟಿ ಪೋಂತಿವಿ ಕಡೆ ಹೊರಟರೆ ಲಾಕ್‌ಗಳ ಸಾಲು ಶುರು. ಲಾಕ್ ಅಂದರೆ ದೋಣಿಗೆ ಮಾಡಿದ ಮೆಟ್ಟಿಲು, ಎರಡು ಬಾಗಿಲ ನಡುವೆ ನೀರು ತುಂಬಿಸಿ ದೋಣಿಯನ್ನು ಮೇಲೆತ್ತುವ ತೊಟ್ಟಿ. ಸುಮಾರು 25 ಕಿಲೋಮೀಟರಿನಲ್ಲಿ ಇಂಥವು ಐವತ್ತಕ್ಕೂ ಜಾಸ್ತಿ. ದಾರಿಯ ಏರೆಲ್ಲಾ ಇರೋದು ಅಲ್ಲೇ: ಲಾಕ್ ಪಕ್ಕ ಹತ್ತಿಪ್ಪತ್ತು ಪೆಡಲ್ ಜೋರಾಗಿ ತುಳಿದರೆ ಮುಗೀತು, ಮತ್ತೆ ಸಮತಟ್ಟು. ಪ್ರತಿ ಲಾಕಿಗೆ ಕಾವಲಿನವರಿಗೆ ಅಂತ ಕಟ್ಟಿದ ಪುಟ್ಟ ಮನೆ. ಕೆಲವು ಬೀಗ ಹಾಕಿವೆ, ಕೆಲವು ಕಾಫಿ ಅಂಗಡಿ ಆಗಿವೆ. ಒಂದು ಕಡೆ ಕಾಲೇಜು ಹುಡುಗಿಯೊಬ್ಬಳು, ರಜೆ ಕೆಲಸ ಅಂತೆ, ಓದುತ್ತಿದ್ದ ಪುಸ್ತಕ ಬೋರಲು ಹಾಕಿ ಎದ್ದು ಬಂದಳು. ಉದ್ದ ಕಬ್ಬಿಣದ ಹಿಡಿಕೆ ಸಿಕ್ಕಿಸಿ, ಬಾವಿ ರಾಟೆ ತಿರುಗಿಸಿದ ಹಾಗೆ ಮೈಭಾರ ಹಾಕಿ ತಿರುಗಿಸಿದಳು. ದೋಣಿ ಮೇಲೆ ಬರಲು ಹತ್ತು ನಿಮಿಷ ಹಿಡೀತು. ದೋಣಿಯವರಿಗೂ ಅವಸರ ಇಲ್ಲ, ನನಗಂತೂ ಇರಲೇ ಇಲ್ಲ.

ಪೋಂತಿವಿ ದಾಟಿದ ಮೇಲೆ ಕಾಲುವೆ ಒಂದು ಗೋಡೆಗೆ ಮುಟ್ಟುತ್ತೆ. 1923ರಿಂದ 1930ರ ನಡುವೆ ಕಟ್ಟಿದ ಗೆರ್ಲೆದಾಂ ಅಣೆಕಟ್ಟು. ಹಳೆ ಲಾಕ್‌ಗಳೆಲ್ಲ ಅದರ ಹಿನ್ನೀರಿನಲ್ಲಿ ಮುಳುಗಿವೆ. 2015ರಲ್ಲಿ ರಿಪೇರಿಗೆ ನೀರು ಖಾಲಿ ಮಾಡಿದಾಗ ಅವು ಮೇಲೆ ಬಂದವು, ನೋಡೋಕೆ ಜನ ಜಾತ್ರೆ ಸೇರಿತ್ತಂತೆ. ಇಲ್ಲಿ ಸೈಕಲ್ಲಿನವರನ್ನು ಕಾಪಾಡೋದು ಇನ್ನೊಂದು ಸತ್ತ ದಾರಿ: ಮೀಟರ್ ಗೇಜ್ ಹಳಿ ಇದ್ದ ಜಾಗದ ಜಲ್ಲಿ ದಾರಿ, ಕಾಡಿನ ಮಧ್ಯೆ, ಕಾರೇ ಅನ್ನೋ ಊರಿನವರೆಗೆ. ಹೌದು, ಊರಿನ ಹೆಸರೇ ಕಾರೇ. ದಾರಿಯಲ್ಲಿ ಕಾರಿಲ್ಲ.

ಬರೀ ಹೊಗಳಿದರೆ ಆಮೇಲೆ ಬೈಗುಳ ತಿನ್ನೋನು ನಾನೇ. ಹಾಗಾಗಿ ಇದನ್ನೂ ಕೇಳಿ. ಬ್ರಿಟನಿಯಲ್ಲಿ ಮಳೆ ಬರುತ್ತೆ. ಬಂದರೆ ಆ ಸಣ್ಣ ಜಲ್ಲಿ ಮರಳು ಸೇರಿ ಸಿಮೆಂಟ್ ಕಲಸಿದ ಹಾಗಾಗಿ ಚೈನಿಗೆ, ಬ್ರೇಕಿಗೆ, ಬೆನ್ನಿಗೆ ಮೆತ್ತಿಕೊಳ್ಳುತ್ತೆ. ಮಡ್‌ಗಾರ್ಡ್ ಹಾಕಿಕೊಳ್ಳಿ, ಸ್ಟೈಲ್ ಆಮೇಲೆ. ರಸ್ತೆ ಅಡ್ಡ ಬರುವ ಕಡೆಯೆಲ್ಲ ಅಂಕುಡೊಂಕು ಕಂಬಿ ನಿಲ್ಲಿಸಿರುತ್ತಾರೆ, ಎರಡೂ ಕಡೆ ಬ್ಯಾಗು ನೇತುಹಾಕಿದ್ದರೆ ಅದರಲ್ಲಿ ತೂರಿಸೋದು ದೊಡ್ಡ ಸರ್ಕಸ್. ಪೋಂತಿವಿಯಲ್ಲಿ ಪ್ಯಾಸೆಂಜರ್ ರೈಲು ಇಲ್ಲ, ವಾಪಸ್ ಬರೋದು ಹೇಗೆ ಅಂತ ಮೊದಲೇ ಯೋಚಿಸಿ.

ಊಟದ ವಿಷಯ. ಇಲ್ಲಿನ ಹಳ್ಳಿಗಳಲ್ಲಿ ಮಧ್ಯಾಹ್ನ ಅಂಗಡಿ ಮುಚ್ಚುತ್ತೆ, ಭಾನುವಾರ ಮಧ್ಯಾಹ್ನದ ಮೇಲಂತೂ ಏನೂ ಸಿಗಲ್ಲ, ಸೋಮವಾರ ಎಷ್ಟೋ ಬೇಕರಿಗಳಿಗೆ ರಜಾ. ಮೊದಲ ವರ್ಷ ನಾನು ಒಂದು ಸೋಮವಾರ ಮೂರು ಹಳ್ಳಿ ಸುತ್ತಿ, ಮೂರೂ ಬೇಕರಿಯ ಮುಚ್ಚಿದ ಬಾಗಿಲು ನೋಡಿ, ಕೊನೆಗೆ ಬ್ಯಾಗಿನ ತಳದಲ್ಲಿದ್ದ ಅಮ್ಮನ ಚಕ್ಕುಲಿ ಪುಡಿ ತಿಂದು ಮೂವತ್ತು ಕಿಲೋಮೀಟರ್ ತುಳಿದೆ. ನೀರಿಗೆ ಮಾತ್ರ ಒಂದು ಉಪಾಯ ಇದೆ. ಸ್ಮಶಾನಕ್ಕೆ ಹೋಗಿ. ನಿಜವಾಗ್ಲೂ. ಸಮಾಧಿ ಮೇಲಿನ ಹೂಗಿಡಕ್ಕೆ ಅಂತ ಅಲ್ಲಿ ನಲ್ಲಿ ಇಟ್ಟಿರುತ್ತಾರೆ, ಇಲ್ಲಿನ ಸೈಕಲ್ಲಿನವರೆಲ್ಲ ಬಾಟಲಿ ತುಂಬಿಸೋದು ಅಲ್ಲೇ. 'ನೋಂ ಪೋತಾಬ್ಲ್' ಅಂತ ಬೋರ್ಡಿದ್ದರೆ ಮಾತ್ರ ಕುಡಿಯಬೇಡಿ.

"ದಕ್ಷಿಣದ ಕನಾಲ್ ದ್ಯು ಮಿದಿ ಯಾಕೆ ಬೇಡ?" ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತೆ. ಬೇಡ ಅಂತಲ್ಲ. 1681ರಲ್ಲಿ ಮುಗಿದ 240 ಕಿಲೋಮೀಟರ್ ಕಾಲುವೆ, ಯುನೆಸ್ಕೊ ಪಟ್ಟಿಯಲ್ಲಿದೆ, ನೋಡಲೇಬೇಕು. ಆದರೆ ತೂಲೂಸ್ ಕಡೆ ಮೊದಲ ಐವತ್ತು ಕಿಲೋಮೀಟರ್ ಟಾರು, ಮುಂದೆ ಕೆಲವು ಕಡೆ ಮರದ ಬೇರುಗಳ ಮೇಲೆ ಕುಣಿಯುತ್ತಾ ಹೋಗಬೇಕು. ನೆರಳು ಕೊಡುತ್ತಿದ್ದ ಪ್ಲೇನ್ ಅನ್ನೋ ಜಾತಿಯ ಮರಗಳನ್ನು ರೋಗ ಬಂದು ಸಾವಿರಗಟ್ಟಲೆ ಕಡಿದಿದ್ದಾರೆ. ದಕ್ಷಿಣವೇ ಬೇಕು ಅನ್ನೋರಿಗೆ ನಾನು ಆರ್ದೆಶ್‌ನ ದೋಲ್ಚೆ ವಿಯಾ ಹೇಳ್ತೀನಿ. 1968ರಲ್ಲಿ ನಿಂತ ಬೆಟ್ಟದ ರೈಲಿನ ದಾರಿ. ರೋನ್ ನದಿ ದಂಡೆಯ ಲಾ ವೂಲ್ತ್‌ನಿಂದ ಸಾವಿರ ಮೀಟರಿಗಿಂತ ಎತ್ತರದ ಸೇಂತ್ ಅಗ್ರೆವ್‌ವರೆಗೆ ಏರುತ್ತೆ, ಆದರೆ ರೈಲಿನ ಏರು ಅಲ್ವಾ, ಏದುಸಿರು ಬರಲ್ಲ.

ಎರಡು ವರ್ಷದ ಹಿಂದೆ ಅಪ್ಪ ದಾವಣಗೆರೆಯಿಂದ ಬಂದಿದ್ದರು. ಜೋಸ್ಲಾಂನಲ್ಲಿ ಬಾಡಿಗೆ ಸೈಕಲ್ ಕೊಡಿಸಿದೆ. ಅಟ್ಲಾಸ್ ತುಳಿದ ಕಾಲು, ಹತ್ತು ಕಿಲೋಮೀಟರ್ ಆರಾಮಾಗಿ ಬಂದರು. ಒಂದು ಲಾಕ್ ಹತ್ತಿರ ನಿಂತು, ಎರಡೂ ಕಡೆ ದಾರಿಯ ಉದ್ದಗಲ ಕಣ್ಣಲ್ಲೇ ಅಳೆದು ಕೇಳಿದರು, "ಇಷ್ಟು ಜಾಗ ಸುಮ್ನೆ ಬಿಟ್ಟಿದಾರಲ್ಲೋ, ಯಾರೂ ಒತ್ತುವರಿ ಮಾಡಿಲ್ವಾ?"

ಕಾಲುವೆ ಸರ್ಕಾರದ್ದು ಅಪ್ಪ, ಆದರೆ ಹಳೆ ರೈಲು ದಾರಿಗಳಲ್ಲಿ ಅಲ್ಲಲ್ಲಿ ಜಾಗ ಮಾರಿಬಿಟ್ಟಿದ್ದಾರೆ, ಅಲ್ಲೆಲ್ಲ ಯಾರದೋ ಹಿತ್ತಲು, ತರಕಾರಿ ಮಡಿ, ನಾವು ರಸ್ತೆಗಿಳಿದು ಸುತ್ತಿಕೊಂಡು ಹೋಗಬೇಕು ಅಂದೆ.

"ಅದೇ ಅನ್ಕೊಂಡೆ," ಅಂದು ಬೆಲ್ ಬಾರಿಸಿಕೊಂಡು ಮುಂದೆ ಹೋದರು.