ಗಾಜಿನ ಅಗ್ನಿಶಿಖೆ: ಎಸಳು ಮುಗಿಯಿತು, ಎಲೆಗೆ ಬಂದೆ

ಆರು ಎಸಳೂ ಬಿರುಕಿಲ್ಲದೆ, ಗಾಜನ್ನು ನಿಧಾನವಾಗಿ ತಣಿಸುವ ಒಲೆಯಾದ ಕಿಲ್ನ್‌ನಿಂದ ಹೊರಬಂದಿವೆ. ಮಳೆಗಾಲದಲ್ಲಿ ನಮ್ಮ ಬದಿಯಡ್ಕದ ಕಡೆ ಬೇಲಿಗಳಿಗೆ ಹಬ್ಬುವ ಅಗ್ನಿಶಿಖೆ, ಕೆಲವರ ಬಾಯಲ್ಲಿ ಗೌರಿ ಹೂ, ಅದನ್ನೇ ಗಾಜಿನಲ್ಲಿ ಮಾಡುತ್ತಿದ್ದೇನೆ. ಬರ್ನರಿಗೆ ಅಡುಗೆ ಗ್ಯಾಸು, ಜೊತೆಗೆ ಹಳೆಯ ಆಕ್ಸಿಜನ್ ಕಾನ್ಸಂಟ್ರೇಟರ್. ಜಾಗ ಅಡಿಕೆ ಕೊಟ್ಟಿಗೆಯ ಒಂದು ಮೂಲೆ.

ಎಸಳಿನ ಕಷ್ಟವೆಲ್ಲ ಅಂಚಿನಲ್ಲಿದೆ. ನಡು ಕೆಂಪು, ಬುಡ ಮತ್ತು ಅಂಚು ಹಳದಿ, ಅಂಚಿನುದ್ದಕ್ಕೂ ಅಲೆ. ಕೆಂಪು ಗಾಜಿನ ಕಡ್ಡಿಯನ್ನು ಕರಗಿಸಿ ಚಪ್ಪಟೆ ಮಾಡಿ, ಸುತ್ತ ಹಳದಿ ಗಾಜಿನ ಎಳೆ ಹಾಯಿಸುತ್ತೇನೆ. ಆಮೇಲೆ ಸಣ್ಣ ಜ್ವಾಲೆಯಲ್ಲಿ ಅಂಚನ್ನಷ್ಟೇ ಕಾಯಿಸಿ ಚಿಮಟದಿಂದ ಕರ್ಜಿಕಾಯಿಯ ಅಂಚು ಮಡಚಿದ ಹಾಗೆ ಚಿವುಟುತ್ತ ಹೋಗಬೇಕು. ನಡು ಮೆತ್ತಗಾದರೆ ಎಸಳೇ ಜೋತುಬೀಳುತ್ತದೆ. ಪೂರ್ತಿ ತಣ್ಣಗಾಗಲು ಬಿಟ್ಟರೆ ಮತ್ತೆ ಜ್ವಾಲೆಗೆ ಹಿಡಿದ ಕೂಡಲೇ ಸಿಡಿಯುತ್ತದೆ. ಮೇಲಿಂದ ಈ ಕೆಂಪಿನ ತಕರಾರು: ಕ್ಯಾಡ್ಮಿಯಂ, ಸೆಲೆನಿಯಂ ಸೇರಿದ ಗಾಜು ಜಾಸ್ತಿ ಕಾದರೆ ಕಂದಾಗುತ್ತದೆ.

ಆದ ಎಸಳು ನೇರ ಕಿಲ್ನ್‌ಗೆ. 510 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಿಸಿ, ನಂತರ ನಿಧಾನವಾಗಿ ಇಳಿಸುವುದು; ಬೇಗ ತಣಿದರೆ ಗಾಜಿನೊಳಗೆ ಬಿಗಿತ ಉಳಿದು ಆಮೇಲೆ ಒಡೆಯುತ್ತದೆ. ಮಳೆ ಜೋರಾದರೆ ಕರೆಂಟು ಹೋಗುವುದು ಇಲ್ಲಿ ಹೊಸತಲ್ಲ. ಆಗ ಬಾಗಿಲು ತೆರೆಯದೆ ಇಟ್ಟಿಗೆಯ ಕಾವಿನ ಮೇಲೆ ಭರವಸೆ ಇಡುವುದೊಂದೇ ದಾರಿ. ಒಳಗೆ ಬಿಗಿತ ಉಳಿದಿದೆಯೋ ಎಂದು ನೋಡಲು ಲ್ಯಾಪ್‌ಟಾಪಿನ ಬಿಳಿ ಪರದೆ, ಪೋಲರೈಸ್ಡ್ ಕನ್ನಡಕ ಸಾಕು. ಪರದೆಯ ಬೆಳಕು ಮೊದಲೇ ಪೋಲರೈಸ್ ಆಗಿರುತ್ತದೆ, ಅಂದರೆ ಅದರ ಕಂಪನ ಒಂದೇ ದಿಕ್ಕಿನದು. ಕನ್ನಡಕವನ್ನು ತಿರುಗಿಸಿ ಪರದೆ ಕಪ್ಪಾದಾಗ ನಡುವೆ ಎಸಳು ಹಿಡಿದರೆ, ಬಿಗಿತವಿದ್ದ ಕಡೆ ಬೆಳಕು ಹೊಳೆಯುತ್ತದೆ.

ಇನ್ನು ಜೋಡಣೆ. ಎಲ್ಲವನ್ನೂ ಬೆಂಕಿಯಲ್ಲೇ ಬೆಸೆಯಬೇಕು, ಅಂಟು ಹಾಕಿದರೆ ಅದು ಗಾಜಿನ ಕೆಲಸವಲ್ಲ ಎನ್ನುವವರು ಇದ್ದಾರೆ. ನನಗೆ ಈ ಮಡಿ ಒಪ್ಪಿಗೆಯಿಲ್ಲ. ಬೊಹೀಮಿಯಾ ಮೂಲದ ಲಿಯೊಪೋಲ್ಡ್ ಬ್ಲಾಶ್ಕಾ ಮತ್ತು ಮಗ ರುಡಾಲ್ಫ್ ಜರ್ಮನಿಯ ಡ್ರೆಸ್ಡೆನ್ ಹತ್ತಿರ ಕೂತು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಗಾಜಿನ ಗಿಡ ಮಾಡಿಕೊಟ್ಟರು. ಅಪ್ಪ 1895ರಲ್ಲಿ ತೀರಿಕೊಂಡ ಮೇಲೂ ಮಗ ಒಬ್ಬನೇ ಮುಂದುವರಿಸಿದ. 1936ಕ್ಕೆ ಕೆಲಸ ನಿಲ್ಲುವಾಗ ಸುಮಾರು 780 ಜಾತಿಗಳ 4,300ರಷ್ಟು ಮಾದರಿಗಳಾಗಿದ್ದವು. ಅವುಗಳೊಳಗೆ ತಂತಿ ಇದೆ, ಅಂಟಿದೆ, ಮೊದಮೊದಲಿನವುಗಳ ಮೇಲೆ ಬಣ್ಣವನ್ನೂ ಬಳಿದಿದ್ದಾರೆ. ಅವರಿಗೆ ನಡೆದದ್ದು ಅಡಿಕೆ ಕೊಟ್ಟಿಗೆಯಲ್ಲಿ ಯಾಕೆ ನಡೆಯಬಾರದು?

ಹಾಗಾಗಿ ದಂಟು ತಂತಿಯದು. ಇದರಿಂದ ಇನ್ನೊಂದು ಲಾಭವಾಯಿತು. ಚಿಕ್ಕಮ್ಮ ಒಡೆದ ಹಸಿರು ಬಳೆಗಳನ್ನು ಚೀಲ ತುಂಬಾ ಕೊಟ್ಟಿದ್ದರು. ಎಸಳಿಗೆ ಬಳಸಿದ್ದು ಇಟಲಿಯ ಮುರಾನೊದ ಗಾಜಿನ ಕಡ್ಡಿ. ಬಳೆಯ ಗಾಜನ್ನು ಅದಕ್ಕೆ ಬೆಸೆದು ನೋಡಿದಾಗ ಮರುದಿನ ಬೆಸುಗೆ ಬಿಟ್ಟಿತ್ತು: ತಣಿಯುವಾಗ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಆದರೆ ಎಲೆಯನ್ನು ಬಳೆಯಿಂದಲೇ ಮಾಡಿ, ಬುಡದಲ್ಲಿ ತೂತು ಬಿಟ್ಟು, ತಣ್ಣಗಾದ ಮೇಲೆ ತಂತಿಗೆ ಅಂಟಿಸಿದರೆ ಜಗಳವೇ ಇಲ್ಲ. ಬಳೆಯ ಗಾಜು ಬೇಗ ಮೆತ್ತಗಾಗುತ್ತದೆ, ಎಳೆದರೆ ಚೆನ್ನಾಗಿ ಬರುತ್ತದೆ. ಅಗ್ನಿಶಿಖೆಯ ಎಲೆಯ ತುದಿಯೇ ಬಳ್ಳಿ ಹಿಡಿಯುವ ಸುರುಳಿ. ಅದನ್ನು ಸುತ್ತಲು ಈ ಗಾಜು ಹೇಳಿ ಮಾಡಿಸಿದ್ದು. ಅಂಗಡಿಯ ಹಸಿರು ಕಡ್ಡಿಗಿಂತ ಬಳೆಯ ಹಸಿರೇ ಬೇಲಿಯ ಬಣ್ಣಕ್ಕೆ ಹತ್ತಿರ ಎಂದು ನನ್ನ ಲೆಕ್ಕ.

ನೋಡಿ ಮಾಡಲೆಂದು ಗಿಡವನ್ನು ಬುಡಸಮೇತ ಕಿತ್ತು ತಂದೆ. "ಗಡ್ಡೆ ಮಾತ್ರ ಒಳಗೆ ತರಬೇಡ ಮಾರಾಯ, ಮಕ್ಕಳಿರುವ ಮನೆ" ಎಂದರು ಚಿಕ್ಕಮ್ಮ. ಸರಿಯೇ, ಅದರಲ್ಲಿ ಕೋಲ್ಚಿಸಿನ್ ವಿಷವಿದೆ. ಗಡ್ಡೆ ಅಂಗಳದಾಚೆ ಹೋಯಿತು.

ಬಾಕಿ ಇರುವುದು ಆರು ಕೇಸರ, ಮತ್ತೆ ಬುಡದಲ್ಲೇ ಪಕ್ಕಕ್ಕೆ ಮುರಿದಂತೆ ಬಾಗುವ ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗದ ಸಪೂರ ಕಡ್ಡಿ. ಶಲಾಕೆಯನ್ನು ಮೊದಲು ಮಾಡುತ್ತೇನೆ. ಅದರ ದಿಕ್ಕು ನಿಂತರೆ ಕೇಸರಗಳನ್ನು ಎಲ್ಲಿ ಕೂರಿಸಬೇಕೆಂದು ಗೊತ್ತಾಗುತ್ತದೆ.