ಪೇಪರ್ ಕಪ್ಪಿನ ಒಳಗಿನ ಪೊರೆ

ಪೇಪರ್ ಕಪ್ ಅಂದ್ರೆ ಬರೀ ಕಾಗದ ಅಂತ ತುಂಬಾ ಜನ ನಂಬಿದ್ದಾರೆ. ಒಂದನ್ನು ಹರಿದು, ಒಳಬದಿಯನ್ನು ಉಗುರಿನಿಂದ ಕೆರೆದು ನೋಡಿ. ತೆಳ್ಳನೆಯ ಪೊರೆ ಏಳುತ್ತದೆ. ಅದು ಪ್ಲಾಸ್ಟಿಕ್.

ಇಂಥ ಕಪ್ಪಿನಲ್ಲಿ 100 ಮಿಲಿ ಬಿಸಿನೀರು 15 ನಿಮಿಷ ಇದ್ದರೆ ಸುಮಾರು 25,000 ಮೈಕ್ರೋಪ್ಲಾಸ್ಟಿಕ್ ಕಣಗಳು, ಅಂದ್ರೆ ತೀರಾ ಚಿಕ್ಕ ಪ್ಲಾಸ್ಟಿಕ್ ಚೂರುಗಳು, ಅದರಲ್ಲಿ ಸೇರುತ್ತವೆ ಅಂತ ಖರಗ್‌ಪುರದ ಐಐಟಿಯವರು ತೋರಿಸಿದ್ದಾರೆ. ಆಫೀಸಿನಲ್ಲಿ ದಿನಕ್ಕೆ ಎಷ್ಟು ಟೀ ಆಗುತ್ತದೆ ಅಲ್ವಾ?

2024ರಲ್ಲಿ ಇಟಲಿಯ ವೈದ್ಯರು ರೋಗಿಗಳ ಕುತ್ತಿಗೆಯ ರಕ್ತನಾಳದಿಂದ ತೆಗೆದ ಕೊಬ್ಬಿನಲ್ಲೂ ಪ್ಲಾಸ್ಟಿಕ್ ಕಂಡರು. ಅದಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಸಾವು ಜಾಸ್ತಿ ಇತ್ತು. ಪ್ಲಾಸ್ಟಿಕ್ಕೇ ಕಾರಣ ಅಂತ ಇನ್ನೂ ಸಾಬೀತಾಗಿಲ್ಲ. ಆದರೆ ನಮ್ಮಪ್ಪನಿಗೆ ಸ್ಟೆಂಟ್ ಹಾಕಿದ್ದಾರೆ, ನನಗೆ ಕಾಯುವಷ್ಟು ತಾಳ್ಮೆ ಇಲ್ಲ. ಅಪ್ಪನಿಗೊಂದು, ನನಗೊಂದು ಸ್ಟೀಲ್ ಲೋಟ ತಂದಿದ್ದೇನೆ. ಟೀ ಅಂಗಡಿಯ ಅಣ್ಣ ಅದಕ್ಕೇ ಹಾಕಿಕೊಡುತ್ತಾರೆ.