ಉಬುದ್‌ಗೆ ಮೂರು ದಿನ: ಮೊದಲು ಪಂಚಾಂಗ, ಆಮೇಲೆ ನಕ್ಷೆ

ಬಾಲಿ ದ್ವೀಪದ ಉಬುದ್ ಪಟ್ಟಣದಲ್ಲಿ ಒಂದು ವಾರಾಂತ್ಯ ಕಳೆಯುವುದೆಂದು ನಿಶ್ಚಯಿಸಿದ ದಿನ ನಾನು ಮಾಡಿದ ಮೊದಲ ಕೆಲಸ ನೋಡಬೇಕಾದ ಸ್ಥಳಗಳ ಪಟ್ಟಿ ಬರೆದದ್ದು. ಎರಡನೆಯದು ಅದನ್ನು ಹರಿದು ಹಾಕಿದ್ದು. ಹದಿನಾಲ್ಕು ಹೆಸರುಗಳಿದ್ದ ಆ ಹಾಳೆಯನ್ನು ನಕ್ಷೆಯ ಪಕ್ಕದಲ್ಲಿಟ್ಟು ನೋಡಿದಾಗ, ಇದ್ದ ಮೂರು ದಿನಗಳಲ್ಲಿ ಹೆಚ್ಚಿನ ಹೊತ್ತು ಕಾರಿನ ಹಿಂದಿನ ಸೀಟಿನಲ್ಲೇ ಕಳೆದುಹೋಗುವುದು ಸ್ಪಷ್ಟವಾಗಿತ್ತು. ಬಾಲಿಯಲ್ಲಿ ರೈಲಿಲ್ಲ, ಉಬುದ್‌ನ ರಸ್ತೆಗಳು ಕಿರಿದು. ವಿಮಾನ ನಿಲ್ದಾಣದಿಂದ ಅಲ್ಲಿಗಿರುವ 35–40 ಕಿಲೋಮೀಟರ್ ದಾರಿಗೇ ಒಂದೂವರೆ ಗಂಟೆ ಹಿಡಿಯುವುದು ಸಾಮಾನ್ಯ.

ಆದ್ದರಿಂದ ಈ ಸಲ ಸ್ಥಳಕ್ಕಿಂತ ಮೊದಲು ದಿನವನ್ನು ಆರಿಸಿಕೊಂಡೆ. ಬಾಲಿಯ ಹಿಂದೂಗಳು ಎರಡು ಪಂಚಾಂಗಗಳನ್ನು ಒಟ್ಟಿಗೆ ಅನುಸರಿಸುತ್ತಾರೆ. ಒಂದು ನಮಗೂ ಪರಿಚಿತವಾದ ಶಕ ವರ್ಷ. ಅದರ ಹೊಸ ವರ್ಷದ ದಿನವೇ ನ್ಯೆಪಿ, ಅಂದರೆ ನಮ್ಮ ಯುಗಾದಿಯ ಹತ್ತಿರದ ನೆಂಟ. 2023ರಲ್ಲಿ ಎರಡೂ ಮಾರ್ಚ್ 22ರಂದೇ ಬಂದಿದ್ದವು. ಅಧಿಕ ಮಾಸವನ್ನು ಸೇರಿಸುವ ಲೆಕ್ಕ ಎರಡೂ ಕಡೆ ಒಂದೇ ಅಲ್ಲದ್ದರಿಂದ 2024ರಲ್ಲಿ ನ್ಯೆಪಿ ಮಾರ್ಚ್‌ನಲ್ಲಿ ಮುಗಿದು, ಯುಗಾದಿ ಏಪ್ರಿಲ್‌ನಲ್ಲಿ ಬಂತು. ಸಂಬಂಧ ಹತ್ತಿರದ್ದಾದರೂ ಆಚರಣೆ ಮಾತ್ರ ತದ್ವಿರುದ್ಧ. ನ್ಯೆಪಿಯಂದು ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರರವರೆಗೆ ಬೆಂಕಿಯಿಲ್ಲ, ಕೆಲಸವಿಲ್ಲ, ಸಂಚಾರವಿಲ್ಲ, ಮನರಂಜನೆಯಿಲ್ಲ. ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ, ಪ್ರವಾಸಿಗರೂ ಹೋಟೆಲಿನ ಹೊಸಿಲು ದಾಟುವಂತಿಲ್ಲ. 2025ರಲ್ಲಿ ಈ ದಿನ ಶನಿವಾರವೇ ಬಿದ್ದಿತ್ತು. ಪಂಚಾಂಗ ನೋಡದೆ ಟಿಕೆಟ್ ಕಾದಿರಿಸಿದವರ ವಾರಾಂತ್ಯ ಏನಾಗಿರಬಹುದೆಂದು ಊಹಿಸಿಕೊಳ್ಳಿ.

ಇನ್ನೊಂದು ಪಂಚಾಂಗದ ಹೆಸರು ಪವುಕೋನ್. ಮೂವತ್ತು ವಾರಗಳ, ಅಂದರೆ 210 ದಿನಗಳ ಚಕ್ರವಿದು. ಚಂದ್ರನಿಗೂ ಇದಕ್ಕೂ ಸಂಬಂಧವಿಲ್ಲ. ಬೀದಿಗಳುದ್ದಕ್ಕೂ ಬಾಗಿದ ಬಿದಿರಿನ ಅಲಂಕೃತ ಗಳುಗಳು ಏಳುವ ಗಲುಂಗಾನ್ ಹಬ್ಬ ಯಾವಾಗಲೂ ಬುಧವಾರ. ಹತ್ತು ದಿನಗಳ ನಂತರದ ಕುನಿಂಗಾನ್ ಶನಿವಾರ. ಚಕ್ರದ ಕಟ್ಟಕಡೆಯ ದಿನವಾದ ಸರಸ್ವತಿ ಪೂಜೆಯೂ ಪ್ರತಿ ಬಾರಿ ಶನಿವಾರವೇ ಬರುತ್ತದೆ. ವಾರಾಂತ್ಯದ ಪ್ರಯಾಣಿಕನಿಗೆ ಇದಕ್ಕಿಂತ ಅನುಕೂಲವಾದ ಹಬ್ಬ ಇನ್ನೊಂದಿರಲಾರದು ಎನಿಸಿ ನಾನು ಅದನ್ನೇ ಆರಿಸಿಕೊಂಡೆ. ಅಂದು ತಾಳೆಗರಿಗಳನ್ನೂ ಪುಸ್ತಕಗಳನ್ನೂ ಒಟ್ಟಿಗಿಟ್ಟು ಪೂಜಿಸುತ್ತಾರೆ, ಪೂಜೆ ಮುಗಿಯುವವರೆಗೆ ಓದುವುದನ್ನೂ ಬರೆಯುವುದನ್ನೂ ಬಿಡುತ್ತಾರೆ. ನವರಾತ್ರಿಯಲ್ಲಿ ಪಠ್ಯಪುಸ್ತಕಗಳನ್ನು ದೇವರ ಮುಂದಿಟ್ಟು, ಓದಬೇಕಿಲ್ಲವೆಂಬ ಸಂತೋಷದಲ್ಲಿ ಬೆಳೆದ ನಮ್ಮಂಥವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಮರುದಿನ, ಭಾನುವಾರ, ಬಾನ್ಯು ಪಿನರುಹ್: ನಸುಕಿನಲ್ಲೇ ಜನರು ಕಡಲಿಗೆ, ನದಿಗೆ, ಬುಗ್ಗೆಗಳಿಗೆ ಹೋಗಿ ಸ್ನಾನ ಮಾಡುವ ದಿನ.

ದಿನ ಗೊತ್ತಾದ ಮೇಲೆ ನಕ್ಷೆ ತಾನಾಗಿಯೇ ಚಿಕ್ಕದಾಯಿತು. ಭಾನುವಾರ ಬುಗ್ಗೆಯ ದೇವಸ್ಥಾನವಾದ ತೀರ್ಥ ಎಂಪುಲ್‌ನ ಕೊಳಗಳಲ್ಲಿ ಊರವರದೇ ಸಾಲು ಇರುತ್ತದೆಯಾದ್ದರಿಂದ ಅಲ್ಲಿಗೆ ಶುಕ್ರವಾರವೇ ಹೋಗಿಬರುವುದು ಮರ್ಯಾದೆ. ಒಂದು ದಿನ ರಜೆ ಹಾಕಿ, ಗುರುವಾರ ರಾತ್ರಿಯೇ ತಲುಪುತ್ತಿರುವುದು ಅದಕ್ಕಾಗಿ. ಕ್ರಿ.ಶ. 962ರಷ್ಟು ಹಳೆಯದೆನ್ನಲಾದ ಈ ತೀರ್ಥದ ಬುಗ್ಗೆ ಪಕೆರಿಸಾನ್ ನದಿಗೆ ನೀರುಣಿಸುತ್ತದೆ. ಅದೇ ನದಿಯ ಕಣಿವೆಯಲ್ಲಿ, ಸ್ವಲ್ಪ ಕೆಳಗೆ, ಹನ್ನೊಂದನೆಯ ಶತಮಾನದ ಗುನುಂಗ್ ಕಾವಿ ಇದೆ. ಇಳಿಜಾರಿನ ನೂರಾರು ಮೆಟ್ಟಿಲುಗಳ ಕೊನೆಯಲ್ಲಿ, ಬಂಡೆಯಲ್ಲೇ ಕೊರೆದ, ಸುಮಾರು ಏಳು ಮೀಟರ್ ಎತ್ತರದ ಹತ್ತು ಗುಡಿಗಳು ಉದಯನ ರಾಜನ ಮನೆತನದ ಸ್ಮಾರಕಗಳೆಂಬುದು ಪ್ರತೀತಿ. ಅಲ್ಲಿಂದ ಹರಿಯುವ ನೀರನ್ನು ಗದ್ದೆಯಿಂದ ಗದ್ದೆಗೆ ಸರದಿಯಂತೆ ಹಂಚುವ ರೈತಕೂಟಗಳಿಗೆ ಸುಬಾಕ್ ಎಂದು ಹೆಸರು. ನೀರಿನ ಸರದಿಗೂ ದೇವಸ್ಥಾನದ ಪೂಜೆಗೂ ನಂಟಿರುವ ಈ ವ್ಯವಸ್ಥೆಯನ್ನು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಪಕೆರಿಸಾನ್ ಕಣಿವೆಯೂ ಅದರಲ್ಲಿತ್ತು. ಬುಗ್ಗೆ, ಗುಡಿ, ಗದ್ದೆ ಮೂರೂ ಒಂದೇ ನೀರಿನ ಗುಂಟ ಒಂದೇ ಬೆಳಗಿನಲ್ಲಿ ಸಿಗುವಾಗ, ಉಯ್ಯಾಲೆಗಳಲ್ಲಿ ಕೂತು ಫೋಟೊ ತೆಗೆಸಿಕೊಳ್ಳುವವರಿಂದ ತುಂಬಿದ ತೆಗಲ್ಲಾಲಾಂಗ್‌ನ ಮೆಟ್ಟಿಲು ಗದ್ದೆಗಳನ್ನು ಕೈಬಿಡಲು ನನಗೆ ಕಷ್ಟವಾಗಲಿಲ್ಲ. ಮಂಗಗಳ ವನವನ್ನೂ ಬಿಟ್ಟಿದ್ದೇನೆ. ಕನ್ನಡಕ ಕಸಿಯುವ ಮಂಗಗಳನ್ನು ನೋಡಲು ಸಮುದ್ರ ದಾಟಬೇಕಿಲ್ಲ.

ಶುಕ್ರವಾರದ ಬಿಸಿಲಿನ ಹೊತ್ತಿಗೆ ಪುರಿ ಲುಕಿಸಾನ್ ವಸ್ತುಸಂಗ್ರಹಾಲಯ. (ಅಲ್ಲಿ ‘ಪುರ’ ಎಂದರೆ ದೇವಸ್ಥಾನ, ‘ಪುರಿ’ ಎಂದರೆ ಅರಮನೆ, ಚಾಲಕನಿಗೆ ಹೇಳುವಾಗ ಎಚ್ಚರ.) 1936ರಲ್ಲಿ ಉಬುದ್‌ನ ಅರಸು ಮನೆತನದವರು, ಸ್ಥಳೀಯ ಶಿಲ್ಪಿ-ಚಿತ್ರಕಾರ ಗುಸ್ತಿ ನ್ಯೊಮನ್ ಲೆಂಪಾದ್, ಯುರೋಪಿನಿಂದ ಬಂದು ನೆಲೆಸಿದ್ದ ವಾಲ್ಟರ್ ಸ್ಪೀಸ್ ಮತ್ತು ರುಡಾಲ್ಫ್ ಬೊನೆಟ್ ಸೇರಿ ಪಿತಾ ಮಹಾ ಎಂಬ ಕಲಾವಿದರ ಕೂಟ ಕಟ್ಟಿದ್ದರು. ಪುರಾಣದ ದೃಶ್ಯಗಳ ಜೊತೆಗೆ ಸಂತೆ, ಕೊಯ್ಲು, ಮೆರವಣಿಗೆಗಳು ಬಾಲಿಯ ಚಿತ್ರಗಳೊಳಗೆ ಬಂದದ್ದು ಆ ಕಾಲದಲ್ಲಿ. 1956ರಲ್ಲಿ ತೆರೆದ ಈ ಸಂಗ್ರಹಾಲಯ ಆ ಕಥೆಯ ಮುಂದುವರಿಕೆ. ಶನಿವಾರ ನೋಡಲಿರುವ, ತಾವರೆಕೊಳದ ಹಿಂದಿರುವ ಸರಸ್ವತಿ ಗುಡಿಯೂ ಲೆಂಪಾದ್‌ನದೇ ಕೆಲಸ. ಅಂದು ಕಾರೇ ಬೇಡ. ಸಂಜೆ ಅರಮನೆಯ ಅಂಗಳದಲ್ಲಿ ಲೆಗೊಂಗ್ ನೃತ್ಯ. ಗಂಡಸರ ದೊಡ್ಡ ಗುಂಪು ವೃತ್ತಾಕಾರವಾಗಿ ಕೂತು ‘ಚಕ್ ಚಕ್’ ಎನ್ನುತ್ತ ರಾಮಾಯಣ ಹೇಳುವ ಕೆಚಾಕ್ ಹೆಚ್ಚು ಪ್ರಸಿದ್ಧವಾದರೂ, ಅದು ಈ ರೂಪಕ್ಕೆ ಬಂದದ್ದು 1930ರ ದಶಕದಲ್ಲಷ್ಟೇ. ನನಗೆ ಲೆಗೊಂಗ್ ಜೊತೆಗೆ ನುಡಿಸುವ ಗಮೆಲಾನ್ ಎಂಬ ಕಂಚಿನ ವಾದ್ಯಮೇಳವೇ ಬೇಕು.

ಉಳಿದದ್ದು ಸಣ್ಣಪುಟ್ಟ ವಿಷಯ. ಭಾರತೀಯರಿಗೆ ಅಲ್ಲಿಗೆ ತಲುಪಿದ ಮೇಲೆ ಸಿಗುವ ವೀಸಾಕ್ಕೆ 5 ಲಕ್ಷ ಇಂಡೋನೇಷ್ಯಾ ರುಪಿಯಾ, ಫೆಬ್ರವರಿ 14, 2024ರಿಂದ ಜಾರಿಯಾದ ಪ್ರವಾಸಿ ಸುಂಕಕ್ಕೆ 1.5 ಲಕ್ಷ ರುಪಿಯಾ. ಸೊನ್ನೆಗಳನ್ನು ಕಂಡು ಹೆದರಬೇಕಾಗಿಲ್ಲ. ಗುಡಿಗಳಿಗೆ ಸೊಂಟದಿಂದ ಕೆಳಗೆ ಉಡುವ ವಸ್ತ್ರವೂ ಅದರ ಮೇಲೊಂದು ನಡುಪಟ್ಟಿಯೂ ಬೇಕಾದ್ದರಿಂದ ಪಂಚೆ ಇಟ್ಟುಕೊಂಡಿದ್ದೇನೆ. ಸಸ್ಯಾಹಾರಿಗಳು ಮಾಂಸ ಬೇಡವೆಂದರೆ ಸಾಲದು, ಖಾರದ ಚಟ್ನಿಯಲ್ಲಿ ಸೇರಿರುವ ಸೀಗಡಿಯ ಮುದ್ದೆಗೆ ‘ತಾನ್ಪಾ ತೆರಾಸಿ’ ಎಂದು ಬೇರೆಯಾಗಿ ಹೇಳಬೇಕು. ಕಾಲುದಾರಿಯಲ್ಲಿ ಇಟ್ಟಿರುವ ಹೂವಿನ ಪುಟ್ಟ ತಟ್ಟೆಗಳನ್ನು ತುಳಿಯಬಾರದೆಂದು ನಮಗೆ ಹೇಳಿಕೊಡಬೇಕಿಲ್ಲ.

ಭಾನುವಾರಕ್ಕೆ ಒಂದೇ ಕೆಲಸ ಬರೆದಿದ್ದೇನೆ. ಪಟ್ಟಣದ ಪಶ್ಚಿಮಕ್ಕೆ ವೊಸ್ ಹೆಸರಿನ ಎರಡು ನದಿಗಳು ಕೂಡುವ ಚಂಪುವಾನ್ ಇದೆ. ಹೆಸರಿನ ಅರ್ಥವೇ ಸಂಗಮ. ಅಲ್ಲಿನ ಗುನುಂಗ್ ಲೆಬಾಹ್ ಗುಡಿಯ ಪಕ್ಕದಿಂದ ದಿಣ್ಣೆಯ ಮೇಲೆ ಹುಲ್ಲಿನ ನಡುವೆ ಕಾಲುದಾರಿ ಹೋಗುತ್ತದೆ. ಸ್ನಾನಕ್ಕೆ ಬಂದವರಿಗೆ ಅಡ್ಡಿಯಾಗದಂತೆ ಮೇಲಿನ ದಾರಿಯಲ್ಲೇ ನಡೆದು, ಬಿಸಿಲೇರುವ ಮೊದಲು ಹಿಂದಿರುಗಬೇಕು. ರಾತ್ರಿಯ ವಿಮಾನಕ್ಕೆ ಚಾಲಕನನ್ನು ಮಧ್ಯಾಹ್ನ ಮೂರಕ್ಕೇ ಬರಲು ಹೇಳಿದ್ದೇನೆ.